ಒಂದೇ ಗಳಿಕೆ, ಎರಡು ದೇಶ: ತೆರಿಗೆ ಯಾರಿಗೆ?

ಮಗನೋ ಮಗಳೋ ಅಮೆರಿಕ, ಇಂಗ್ಲೆಂಡ್, ದುಬೈಗಳಲ್ಲಿ ನೆಲೆಸಿರುವ ಕುಟುಂಬಗಳು ಇಂದು ದಾವಣಗೆರೆ, ಹುಬ್ಬಳ್ಳಿ, ಕಲಬುರ್ಗಿಗಳಲ್ಲಿ ಅಪರೂಪವಲ್ಲ. ಮಕ್ಕಳು ದೂರ ಹೋದರೂ ಊರಿನ ಸಂಬಂಧ ಕಡಿಯುವುದಿಲ್ಲ. ತಂದೆ ಕಟ್ಟಿಸಿದ ಮನೆಯ ಬಾಡಿಗೆ, ಬ್ಯಾಂಕಿನ ಠೇವಣಿ, ಮನೆತನದ ಅಂಗಡಿಯ ಪಾಲು ಇಲ್ಲಿಯೇ ಉಳಿದಿರುತ್ತವೆ. ಈ ಆದಾಯದ ತೆರಿಗೆ ಸಲ್ಲಬೇಕಾದುದು ಭಾರತಕ್ಕೋ, ಮಕ್ಕಳು ವಾಸಿಸುವ ದೇಶಕ್ಕೋ?

ಎರಡೂ ದೇಶಗಳು ಕೇಳುವುದುಂಟು. ಆದಾಯ ಹುಟ್ಟಿದ್ದು ನಮ್ಮ ನೆಲದಲ್ಲಿ ಎಂದು ಒಂದು ದೇಶ, ಗಳಿಸಿದವನು ನಮ್ಮ ನಿವಾಸಿ ಎಂದು ಇನ್ನೊಂದು. ಈ ತೊಡಕನ್ನು ಬಿಡಿಸಲು 1920ರ ದಶಕದಲ್ಲಿಯೇ ರಾಷ್ಟ್ರಸಂಘವು ಅಧ್ಯಯನ ಕೈಗೊಂಡಿತ್ತು. ಆ ಹಾದಿಯಲ್ಲಿ ಬೆಳೆದುಬಂದುದೇ ದ್ವಿತೆರಿಗೆ ನಿವಾರಣಾ ಒಪ್ಪಂದ. ಭಾರತವು ಅಮೆರಿಕದೊಡನೆ 1989ರಲ್ಲಿ, ಸಂಯುಕ್ತ ಅರಬ್ ಎಮಿರೇಟ್ಸ್‌ನೊಡನೆ 1992ರಲ್ಲಿ, ಬ್ರಿಟನ್ನಿನೊಡನೆ 1993ರಲ್ಲಿ ಇಂತಹ ಒಪ್ಪಂದಕ್ಕೆ ಸಹಿ ಹಾಕಿದೆ.

ಒಪ್ಪಂದವಿದೆ ಎಂದರೆ ತೆರಿಗೆಯೇ ಇಲ್ಲವೆಂದು ಹಲವರು ಭಾವಿಸುತ್ತಾರೆ. ಅದು ತಪ್ಪು. ಯಾವ ದೇಶ ಎಷ್ಟು ಪಡೆಯಬೇಕು, ಒಂದೆಡೆ ಕೊಟ್ಟುದನ್ನು ಇನ್ನೊಂದೆಡೆ ಹೇಗೆ ಕಳೆಯಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ. ಆ ಸೌಲಭ್ಯವೂ ತಾನಾಗಿ ಬರುವುದಿಲ್ಲ. ದಾಖಲೆಯೊಡನೆ ಕೇಳಿದವರಿಗೆ ಮಾತ್ರ ದೊರೆಯುತ್ತದೆ.

ಒಂದು ಉದಾಹರಣೆ ನೋಡೋಣ. ಅಮೆರಿಕದ ನಿವಾಸಿಯಾದ ಮಗನ ಎನ್‌ಆರ್‌ಒ ಖಾತೆಯ ಠೇವಣಿಗೆ ವರ್ಷಕ್ಕೆ 1,00,000 ರೂಪಾಯಿ ಬಡ್ಡಿ ಬಂದಿತೆನ್ನಿ. ಬ್ಯಾಂಕು ಸಾಮಾನ್ಯವಾಗಿ ಶೇಕಡಾ 30ರ ತೆರಿಗೆ ಹಾಗೂ ಅದರ ಮೇಲೆ ಶೇಕಡಾ 4ರ ಸೆಸ್ ಸೇರಿಸಿ 31,200 ರೂಪಾಯಿ ಮುರಿದುಕೊಳ್ಳುತ್ತದೆ. ಒಪ್ಪಂದದಂತೆ ಈ ಬಡ್ಡಿಯ ಮೇಲೆ ಭಾರತ ಪಡೆಯಬಹುದಾದುದು ಹೆಚ್ಚೆಂದರೆ ಶೇಕಡಾ 15, ಅಂದರೆ 15,000 ರೂಪಾಯಿ. ಮಿಕ್ಕ 16,200 ರೂಪಾಯಿಯನ್ನು ಅಮೆರಿಕದ ತೆರಿಗೆಯಲ್ಲಿ ಕಳೆದುಕೊಳ್ಳೋಣವೆಂದರೆ ಅಲ್ಲಿನ ನಿಯಮ ಒಪ್ಪುವುದಿಲ್ಲ. ಕೊಡಬೇಕಿಲ್ಲದ್ದನ್ನು ಕೊಟ್ಟಿರಿ, ಕೊಟ್ಟಲ್ಲಿಯೇ ಕೇಳಿರಿ ಎನ್ನುತ್ತದೆ. ಇಲ್ಲಿ ವಿವರಪಟ್ಟಿ ಸಲ್ಲಿಸಿ ಮರುಪಾವತಿ ಕೇಳದಿದ್ದರೆ ಆ ಹಣ ಹೋದಂತೆಯೇ ಸರಿ.

ಇದನ್ನು ತಪ್ಪಿಸಲು ಮಗನು ಅಮೆರಿಕದ ತೆರಿಗೆ ಇಲಾಖೆಯಿಂದ ನಿವಾಸ ಪ್ರಮಾಣಪತ್ರ ಪಡೆದು, ಭಾರತದ ನಿಗದಿತ ನಮೂನೆಯೊಡನೆ ಬ್ಯಾಂಕಿಗೆ ಮುಂಚಿತವಾಗಿ ಕೊಡಬೇಕು. ಅಲ್ಲಿಯ ತೆರಿಗೆ ವರ್ಷ ಜನವರಿಯಿಂದ, ನಮ್ಮದು ಏಪ್ರಿಲ್‌ನಿಂದ. ಆದುದರಿಂದ ಮುರಿದ ತೆರಿಗೆಯ ಪ್ರಮಾಣಪತ್ರಗಳನ್ನು ದಿನಾಂಕಸಹಿತ ಕಾಯ್ದಿರಿಸುವುದು ಲೇಸು.

ಮನೆಯ ಬಾಡಿಗೆಯ ಮಾತು ಬೇರೆ. ಆಸ್ತಿ ಇರುವ ದೇಶಕ್ಕೆ ಅದರ ಆದಾಯದ ಮೇಲೆ ತೆರಿಗೆ ವಿಧಿಸುವ ಹಕ್ಕುಂಟು. ಇದಕ್ಕೆ ಒಪ್ಪಂದದ ಕಡಿಮೆ ದರವಿಲ್ಲ. ಅಮೆರಿಕವೂ ಆ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ಭಾರತದಲ್ಲಿ ನ್ಯಾಯವಾಗಿ ಸಂದ ತೆರಿಗೆಯನ್ನು ತನ್ನ ಮಿತಿಯೊಳಗೆ ಕಳೆಯುತ್ತದೆ. ಇಲ್ಲಿ ತೆರಿಗೆಯಿಲ್ಲದ ಎನ್‌ಆರ್‌ಇ ಖಾತೆಯ ಬಡ್ಡಿಯನ್ನೂ ಹೊಲದ ಆದಾಯವನ್ನೂ ಅಮೆರಿಕದ ನಿವಾಸಿಯು ಅಲ್ಲಿ ತೋರಿಸಲೇಬೇಕು. ಇದನ್ನು ಅರಿಯದೆ ತೊಂದರೆಗೊಳಗಾಗುವುದು ಸುಲಭ.

ತಂದೆತಾಯಿಯರ ಅನಾರೋಗ್ಯದ ಕಾಲದಲ್ಲಿ ಮಕ್ಕಳು ತಿಂಗಳುಗಟ್ಟಲೆ ಊರಲ್ಲಿ ಉಳಿಯುವುದುಂಟು. ಒಂದು ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದವರು ಭಾರತದ ನಿವಾಸಿಗಳೆನಿಸುತ್ತಾರೆ. ಭಾರತದ ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದ ಪಕ್ಷದಲ್ಲಿ, 120 ದಿನಗಳೇ ಸಾಕು. ಎರಡೂ ದೇಶಗಳು ತಮ್ಮ ನಿವಾಸಿಯೆಂದರೆ ಒಪ್ಪಂದವು ಕ್ರಮವಾಗಿ ಶಾಶ್ವತ ಮನೆ, ಕುಟುಂಬ ಹಾಗೂ ಹಣಕಾಸಿನ ನಂಟು, ರೂಢಿಯ ವಾಸ, ಪೌರತ್ವ ಇವುಗಳನ್ನು ನೋಡಿ ತೀರ್ಮಾನಿಸುತ್ತದೆ. ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸಿಡುವುದು ಈ ಕಾರಣದಿಂದ ಅಗತ್ಯ.

ದುಡಿದು ಗಳಿಸಿದ ಹಣಕ್ಕೆ ಸಲ್ಲಬೇಕಾದ ತೆರಿಗೆಯನ್ನು ಸಲ್ಲಿಸುವುದು ಧರ್ಮ. ಸಲ್ಲಬೇಕಿಲ್ಲದ್ದನ್ನು ಅಜ್ಞಾನದಿಂದ ಕಳೆದುಕೊಳ್ಳುವುದು ಧರ್ಮವಲ್ಲ, ನಷ್ಟ. ಮಕ್ಕಳು ಮುಂದಿನ ಸಲ ಊರಿಗೆ ಬಂದಾಗ ಹಿರಿಯರು ಅವರೊಡನೆ ಕುಳಿತು ಖಾತೆ, ಬಾಡಿಗೆ, ಆಸ್ತಿಗಳ ಪಟ್ಟಿಯೊಂದನ್ನು ಬರೆದಿಡಲಿ; ಎರಡೂ ದೇಶಗಳ ನಿಯಮ ಬಲ್ಲ ಲೆಕ್ಕಪರಿಶೋಧಕರಿಗೆ ಒಮ್ಮೆ ತೋರಿಸಲಿ. ಅರ್ಧ ದಿನದ ಈ ಕೆಲಸವು ಮುಂದಿನ ಹಲವು ವರ್ಷಗಳ ಚಿಂತೆಯನ್ನು ಕಳೆಯಬಲ್ಲದು.