ಜ್ಯೂರಿಯಲ್ಲಿ ಕುಳಿತವರು ಯಾರು?

ಇಂಗ್ಲೆಂಡಿನಲ್ಲಿ ಕಕ್ಷಿಗಾರನ ಕಾಗದಪತ್ರಗಳನ್ನು ಸಿದ್ಧಪಡಿಸುವವನು ಸಾಲಿಸಿಟರ್, ನ್ಯಾಯಪೀಠದ ಮುಂದೆ ನಿಂತು ವಾದಿಸುವವನು ಬ್ಯಾರಿಸ್ಟರ್. ಈ ಅಧ್ಯಾಯಕ್ಕೆ ಇಷ್ಟು ಸಾಕು. ಆದರೆ ವರ್ಣಸಮಾನತೆಗಾಗಿ ದುಡಿದ ಬ್ಯಾರಿಸ್ಟರ್ ಎಂದೊಡನೆ ನಮ್ಮ ಓದುಗರು ಆವೇಶದ ಭಾಷಣವೊಂದನ್ನು ಕಲ್ಪಿಸಿಕೊಳ್ಳುವರು, ಎಡವುವುದು ಅಲ್ಲಿಯೇ. ಗ್ಲಾಸ್ಗೋದಲ್ಲಿ ಹುಟ್ಟಿದ ಇಯಾನ್ ಮೆಕ್‌ಡೊನಾಲ್ಡರ (1939–2019) ಕೀರ್ತಿಗೆ ಬುನಾದಿಯಾದುದು, ನೀರಸವೆಂದು ನಾವು ಕಡೆಗಣಿಸುವ ವಿಚಾರಣಾವಿಧಾನ.

ಟ್ರಿನಿಡಾಡಿನಿಂದ ಬಂದ ಫ್ರ್ಯಾಂಕ್ ಕ್ರಿಚ್ಲೋ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ 1968ರಲ್ಲಿ ತೆರೆದ ‘ಮ್ಯಾಂಗ್ರೋವ್’ ಎಂಬ ರೆಸ್ಟೋರೆಂಟು ಕೆರಿಬಿಯನ್ ಜನರ ಕೂಡುತಾಣವಾಗಿ, ಪದೇ ಪದೇ ಪೊಲೀಸ್ ದಾಳಿಗೆ ಗುರಿಯಾಗಿ, ಅದನ್ನು ಪ್ರತಿಭಟಿಸಿ 1970ರ ಆಗಸ್ಟ್ 9ರಂದು ಹೊರಟ ಮೆರವಣಿಗೆ ಘರ್ಷಣೆಯಲ್ಲಿ ಮುಗಿಯಲು, ಒಂಬತ್ತು ಮಂದಿಯ ಮೇಲೆ ದೊಂಬಿಗೆ ಪ್ರಚೋದಿಸಿದ ಆಪಾದನೆ ಬಂದಿತು. ಮರುವರ್ಷ ಲಂಡನ್ನಿನ ಪ್ರಮುಖ ಅಪರಾಧ ನ್ಯಾಯಾಲಯವಾದ ಓಲ್ಡ್ ಬೇಲಿಯಲ್ಲಿ ಮೆಕ್‌ಡೊನಾಲ್ಡರು ವಾದಿಸಿದುದು ಆ ಒಂಬತ್ತು ಮಂದಿಯಲ್ಲೊಬ್ಬರಾದ ಬಾರ್ಬರಾ ಬೀಸ್ ಅವರ ಪರವಾಗಿ. ಉಳಿದ ಆರೋಪಿಗಳಲ್ಲಿ ಡಾರ್ಕಸ್ ಹೌ ಮೊದಲಾದವರು ತಮ್ಮ ವಾದವನ್ನು ತಾವೇ ಮಂಡಿಸಿದರು.

ಮೊದಲ ಹೋರಾಟ ನಡೆದುದು ಜ್ಯೂರಿಯ ಆಯ್ಕೆಯ ಮೇಲೆ. ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂದು ತೀರ್ಮಾನಿಸುವ ಜ್ಯೂರಿಯ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರನ್ನು ಚೀಟಿಯೆತ್ತಿ ಆರಿಸುವುದರಿಂದ ಅದು ತಾನಾಗಿಯೇ ನಿಷ್ಪಕ್ಷಪಾತವೆಂಬುದು ಬಹುಕಾಲದ ಭ್ರಮೆ. (ಭಾರತದ 1973ರ ದಂಡಪ್ರಕ್ರಿಯಾ ಸಂಹಿತೆ ಜ್ಯೂರಿಯನ್ನೇ ಕೈಬಿಟ್ಟುದರಿಂದ ನಮ್ಮವರಿಗೆ ಈ ಗೋಜು ಅಪರಿಚಿತ.) ಚೀಟಿಯೆತ್ತುವ ಕೈ ಎಷ್ಟೇ ಶುದ್ಧವಾಗಿರಲಿ, ಗಡಿಗೆಗೆ ಯಾರ ಯಾರ ಚೀಟಿ ಬಿದ್ದಿತ್ತೆಂಬುದನ್ನು ಕೇಳಲೇಬೇಕು. ನಿರ್ದಿಷ್ಟ ಮೌಲ್ಯದ ಮನೆಯ ಯಜಮಾನನಾಗಿದ್ದವನಿಗೇ ಅಂದು ಜ್ಯೂರಿಯ ಅರ್ಹತೆ. ಆದುದರಿಂದ ಬಡವರು, ತರುಣರು, ಬಹುಪಾಲು ಸ್ತ್ರೀಯರು, ಬಾಡಿಗೆ ಕೋಣೆಗಳಲ್ಲಿ ಬದುಕುತ್ತಿದ್ದ ವಲಸಿಗರು, ಎಲ್ಲರೂ ಯಾರೂ ಹೊರಗಟ್ಟದೆಯೇ ಹೊರಗುಳಿದಿದ್ದರು. ಸಮಾನರಿಂದಲೇ ತೀರ್ಪು ಎಂಬ ಮ್ಯಾಗ್ನಾ ಕಾರ್ಟಾದ ಮಾತನ್ನು ಹಿಡಿದು, ಪೂರ್ಣವಾಗಿ ಕಪ್ಪು ಜನರಿಂದಲೇ ಕೂಡಿದ ಜ್ಯೂರಿ ಬೇಕೆಂದು ಆರೋಪಿಗಳು ಕೇಳಿದರು. ಇದು ಕೇವಲ ಹಠವಾಗಿರಲಿಲ್ಲ. ಪರದೇಶಿ ಆರೋಪಿಗೆ ಅರ್ಧ ಪರದೇಶಿಗಳೇ ಇರುವ ಜ್ಯೂರಿಯನ್ನು ಇಂಗ್ಲಿಷ್ ಕಾನೂನೇ 1870ರ ತನಕ ಕೊಡುತ್ತಿತ್ತು!

ನ್ಯಾಯಾಧೀಶರು ಬೇಡಿಕೆಯನ್ನು ತಳ್ಳಿಹಾಕಿದರು. ಆಗ ಉಳಿದುದು, ಕಾರಣ ಹೇಳದೆ ಜ್ಯೂರಿಗಳನ್ನು ನಿರಾಕರಿಸುವ ಹಕ್ಕು: ಪ್ರತಿಯೊಬ್ಬ ಆರೋಪಿಗೂ ಏಳು ಮಂದಿಯಂತೆ, ಒಂಬತ್ತು ಆರೋಪಿಗಳಿಗೆ ಅರುವತ್ತಮೂರು. ಅವರು ಅರುವತ್ತಮೂರನ್ನೂ ಬಳಸಿದರು! ಕೊನೆಗೆ ಜ್ಯೂರಿಯಲ್ಲಿ ಇಬ್ಬರು ಕಪ್ಪುವರ್ಣೀಯರು ಕುಳಿತರು. ಐವತ್ತೈದು ದಿನಗಳ ವಿಚಾರಣೆಯ ಬಳಿಕ ದೊಂಬಿಯ ಆಪಾದನೆಯಿಂದ ಎಲ್ಲರೂ, ಸಕಲ ಆಪಾದನೆಗಳಿಂದ ಐವರು ಮುಕ್ತರಾದರು. ವರ್ಣದ್ವೇಷಕ್ಕೆ ಉಭಯಪಕ್ಷಗಳಲ್ಲಿಯೂ ಸಾಕ್ಷ್ಯವಿದೆಯೆಂದು ನ್ಯಾಯಾಧೀಶರು ನುಡಿದರು. ಪೊಲೀಸರ ವಿಷಯದಲ್ಲಿ ಇಂಥ ಮಾತು ಅಲ್ಲಿನ ಪೀಠದಿಂದ ಅದುವರೆಗೆ ಬಂದಿರಲಿಲ್ಲ.

ವಲಸೆ ಕಾನೂನನ್ನು ಕುರಿತ ಮೆಕ್‌ಡೊನಾಲ್ಡರ ಪ್ರಮಾಣಗ್ರಂಥ ಬಂದುದು 1983ರಲ್ಲಿ. ಮ್ಯಾಂಚೆಸ್ಟರಿನ ಶಾಲೆಗಳಲ್ಲಿನ ವರ್ಣದ್ವೇಷದ ತನಿಖಾವರದಿ 1989ರಲ್ಲಿ. ರಹಸ್ಯ ಸಾಕ್ಷ್ಯವನ್ನು ನೋಡಬಹುದಾದರೂ ನೋಡಿದ ಮೇಲೆ ಕಕ್ಷಿಗಾರನೊಡನೆ ಮಾತಾಡಲಾಗದ ‘ವಿಶೇಷ ವಕೀಲ’ನ ಹುದ್ದೆಯನ್ನು, ವಿಚಾರಣೆಯಿಲ್ಲದ ಬಂಧನವನ್ನು ಪ್ರತಿಭಟಿಸಿ 2004ರಲ್ಲಿ ಅವರು ತ್ಯಜಿಸಿದರು.

ಇನ್ನು ತರುಣ ಕಾನೂನು ವಿದ್ಯಾರ್ಥಿಗಳಲ್ಲಿ ಒಂದು ಪ್ರಾರ್ಥನೆ. ಮನೆಯ ಅರ್ಹತೆಯನ್ನು ಬಿಡಿಸಿದ 1972ರ ಕಾಯಿದೆಯನ್ನೂ, ನಿರಾಕರಣೆಗಳನ್ನು ಮೂರಕ್ಕಿಳಿಸಿದ 1977ರ ಕಾಯಿದೆಯನ್ನೂ, ಆ ಹಕ್ಕನ್ನೇ ಅಳಿಸಿದ 1988ರ ಕಾಯಿದೆಯನ್ನೂ ಒಟ್ಟಿಗಿಟ್ಟು ಓದಿರಿ. ಒಂದು ಬಾಗಿಲು ತೆರೆದ ಹೊತ್ತಿನಲ್ಲೇ ಇನ್ನೊಂದು ಏಕೆ ಮುಚ್ಚುತ್ತ ಬಂದಿತೆಂಬ ಪ್ರಶ್ನೆಗೆ ಕನ್ನಡದಲ್ಲಿ ಒಂದು ಪ್ರಬಂಧವಾದರೂ ಬರಲಿ.