ಲವಣಗಳ ನಾಮಕರಣ

ನಾಮಕರಣವು ನಮ್ಮ ಷೋಡಶ ಸಂಸ್ಕಾರಗಳಲ್ಲಿ ಒಂದು. ಆದರೆ ಮನುಷ್ಯನಿಗೆ ಇಟ್ಟ ಹೆಸರು ಅವನ ಸ್ಥಿತಿಯನ್ನು ತಿಳಿಸಬೇಕೆಂಬ ಕಟ್ಟುಪಾಡಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯನ್ನು ಕೇಳದವರಾರು? ರಸಾಯನ ಶಾಸ್ತ್ರದಲ್ಲಿ ಮಾತ್ರ ಇಂತಹ ಭಟ್ಟರಿಗೆ ಸ್ಥಳವಿಲ್ಲ. ಹೆಸರನ್ನು ಕೇಳಿದೊಡನೆಯೇ ವಸ್ತುವಿನಲ್ಲಿ ಏನೇನಿದೆಯೆಂಬುದು ತಿಳಿಯಬೇಕು. ಕಲಾ ಕಾಲೇಜಿನ ಸಂಚಿಕೆಯಲ್ಲಿ ಇದೇಕೆಂದು ಹುಬ್ಬೇರಿಸುವ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ನಾನು ಹೇಳಹೊರಟಿರುವುದು ಒಂದು ವ್ಯಾಕರಣದ ವಿಷಯ.

ಮೈಲುತುತ್ತ, ಅನ್ನಭೇದಿ, ಪೆಟ್ಲುಪ್ಪು, ನವಸಾಗರ ಇವು ನಮ್ಮ ಅಂಗಡಿಯ ಹೆಸರುಗಳು. ಕೇಳಲು ಇಂಪಾಗಿವೆ. ಆದರೆ ಮೈಲುತುತ್ತದಲ್ಲಿ ತಾಮ್ರವೂ ಅನ್ನಭೇದಿಯಲ್ಲಿ ಕಬ್ಬಿಣವೂ ಇದ್ದು, ಎರಡೂ ಸಲ್ಫೇಟುಗಳೆಂಬ ದಾಯಾದಿ ಸಂಬಂಧವನ್ನು ಅವು ಹೇಳುವುದಿಲ್ಲ. ಯೂರೋಪಿನಲ್ಲಿಯೂ ಹಿಂದೆ ಇದೇ ಸ್ಥಿತಿಯಿತ್ತು. 1787ರಲ್ಲಿ ಲವಾಸಿಯೇ, ಗೀಟನ್ ದ ಮೋರ್ವೋ, ಬರ್ತೊಲೆ, ಫೂರ್ಕ್ರ್ವಾ ಎಂಬ ನಾಲ್ವರು ಫ್ರೆಂಚ್ ವಿದ್ವಾಂಸರು ಘಟಕಗಳನ್ನೇ ಆಧರಿಸಿ ಹೆಸರಿಡುವ ಪದ್ಧತಿಯನ್ನು ಪ್ರಕಟಿಸಿದರು.

ಈ ಪದ್ಧತಿಯಲ್ಲಿ ಲವಣದ ಹೆಸರು ಎರಡು ಪದಗಳ ಸಮಾಸವಿದ್ದಂತೆ. ಪೂರ್ವಪದ ಧನ ಅಯಾನು, ಉತ್ತರಪದ ಋಣ ಅಯಾನು. ಋಣ ಅಯಾನು ಒಂದೇ ಧಾತುವಿನದಾದರೆ ‘ಐಡ್’ ಪ್ರತ್ಯಯ ಬರುತ್ತದೆ: ಕ್ಲೋರಿನ್ ಕ್ಲೋರೈಡ್ ಆಗುತ್ತದೆ, ಸಲ್ಫರ್ ಸಲ್ಫೈಡ್ ಆಗುತ್ತದೆ. ಆಮ್ಲಜನಕವೂ ಕೂಡಿಕೊಂಡಿದ್ದರೆ ‘ಏಟ್’. ಅದೇ ಕೂಟದಲ್ಲಿ ಆಮ್ಲಜನಕ ಒಂದು ಕಡಮೆಯಾದರೆ ‘ಐಟ್’. ನೈಟ್ರೇಟಿನಲ್ಲಿ ಮೂರು ಆಮ್ಲಜನಕ, ನೈಟ್ರೈಟಿನಲ್ಲಿ ಎರಡು. ಹೈಡ್ರಾಕ್ಸೈಡ್, ಸಯನೈಡ್ ಮುಂತಾದವು ಅಪವಾದಗಳು. ಒಂದಕ್ಕಿಂತ ಹೆಚ್ಚು ಧಾತುಗಳಿದ್ದರೂ ‘ಐಡ್’ ಎಂದೇ ಮುಗಿಯುತ್ತವೆ.

ಎಣಿಕೆಯನ್ನು ಹೆಸರಿನಲ್ಲಿ ಹೇಳುವುದಿಲ್ಲ. ಕ್ಯಾಲ್ಸಿಯಮ್ ಕ್ಲೋರೈಡಿನಲ್ಲಿ ಎರಡು ಕ್ಲೋರಿನ್ ಇದ್ದರೂ ‘ಡೈಕ್ಲೋರೈಡ್’ ಎನ್ನಬೇಕಾಗಿಲ್ಲ. ಕ್ಯಾಲ್ಸಿಯಮ್ಮಿನ ಧನಾಂಶ ಎರಡು, ಕ್ಲೋರೈಡಿನ ಋಣಾಂಶ ಒಂದು. ಜಮಾಖರ್ಚು ಸರಿಹೋಗಬೇಕಾದರೆ ಎರಡು ಕ್ಲೋರೈಡು ಬೇಕೇ ಬೇಕು.

ತೊಡಕು ಬರುವುದು ಕಬ್ಬಿಣ, ತಾಮ್ರ, ಪಾದರಸಗಳಲ್ಲಿ. ಇವುಗಳ ಧನಾಂಶ ಒಂದೇ ಬಗೆಯಲ್ಲ. ಹಿಂದಿನವರು ಕಬ್ಬಿಣದ ಎರಡಕ್ಕೆ ‘ಫೆರಸ್’, ಮೂರಕ್ಕೆ ‘ಫೆರಿಕ್’ ಎಂದರು. 1919ರಲ್ಲಿ ಜರ್ಮನಿಯ ಆಲ್ಫ್ರೆಡ್ ಸ್ಟಾಕ್ ಎಂಬವರು ಲೋಹದ ಹೆಸರಿನ ಮುಂದೆ ಆವರಣದಲ್ಲಿ ಅಂಕಿಯನ್ನೇ ಬರೆಯಬಹುದೆಂದು ಸೂಚಿಸಿದರು. ಎರಡು ಕಬ್ಬಿಣ, ಮೂರು ಆಮ್ಲಜನಕಗಳುಳ್ಳ ಕೆಂಪು ಆಕ್ಸೈಡನ್ನು ನೋಡಿ. ಮೂರು ಆಮ್ಲಜನಕಗಳ ಋಣಾಂಶ ಒಟ್ಟು ಆರು. ಅದನ್ನು ತೀರಿಸಲು ಪ್ರತಿ ಕಬ್ಬಿಣಕ್ಕೆ ಮೂರು. ಆದ್ದರಿಂದ ಅದು ಕಬ್ಬಿಣದ ‘ಮೂರು’ ಆಕ್ಸೈಡ್. ಅಂಕಿ ಹೇಳುವುದು ವಿದ್ಯುದಂಶವನ್ನು, ಪರಮಾಣುಗಳ ಸಂಖ್ಯೆಯನ್ನಲ್ಲ.

‘ಇಂದ್ರಶತ್ರು’ ಎಂಬ ಸಮಾಸದಲ್ಲಿ ಸ್ವರ ತಪ್ಪಿದ್ದರಿಂದ ಇಂದ್ರನನ್ನು ಕೊಲ್ಲಬೇಕಾದ ವೃತ್ರನೇ ಹತನಾದ ಕಥೆಯನ್ನು ಸಂಸ್ಕೃತದ ಮಿತ್ರರು ಬಲ್ಲರು. ಇಲ್ಲಿಯೂ ಹಾಗೆಯೆ. ಮರ್ಕ್ಯುರಸ್ ಕ್ಲೋರೈಡನ್ನು ಒಂದು ಕಾಲದಲ್ಲಿ ಭೇದಿಯ ಔಷಧವಾಗಿ ಕೊಡುತ್ತಿದ್ದರು. ಮರ್ಕ್ಯುರಿಕ್ ಕ್ಲೋರೈಡ್ ಘೋರ ವಿಷ. ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮುನ್ನ ಕುಡಿಸುವ ಬೇರಿಯಮ್ ಸಲ್ಫೇಟ್ ಕರಗದೆ ಹಾಗೆಯೇ ಹೊರಬೀಳುತ್ತದೆ. ಬೇರಿಯಮ್ ಸಲ್ಫೈಡ್ ಕರಗಿ ಪ್ರಾಣಕ್ಕೆ ಎರವಾಗುತ್ತದೆ. 1944ರಲ್ಲಿ ನ್ಯೂಯಾರ್ಕಿನಲ್ಲಿ ಅಡಿಗೆಯುಪ್ಪೆಂದು ಸೋಡಿಯಮ್ ನೈಟ್ರೈಟ್ ಬೆರೆತ ಗಂಜಿಯನ್ನುಂಡು 11 ಮಂದಿಯ ಮೈ ನೀಲಿಗಟ್ಟಿತು, ಒಬ್ಬ ಸತ್ತ. ನೋಟಕ್ಕೆ ಎರಡೂ ಬಿಳಿಯ ಪುಡಿ. ಸೀಸೆಯ ಮೇಲಿನ ಹೆಸರಲ್ಲದೆ ಬೇರೆ ಗುರುತೇನು?

ಕನ್ನಡದಲ್ಲಿ ಬರೆಯುವ ನಮಗೆ ನೈಟ್ರೇಟಿಗೂ ನೈಟ್ರೈಟಿಗೂ ಇರುವ ಅಂತರ ಏತ್ವ ಐತ್ವಗಳದು. ಆದ್ದರಿಂದ ಹೆಸರನ್ನು ಬಾಯಲ್ಲಿ ಹೇಳುವಾಗ ಅಯಾನಿನಲ್ಲಿ ಆಮ್ಲಜನಕವೆಷ್ಟೆಂಬುದನ್ನೂ ಕೂಡಿಸಿ ಹೇಳುವುದು ಲೇಸು. ಕೇಳಿದವನು ಮರಳಿ ಹೇಳಿದರೆ ಇನ್ನೂ ಲೇಸು.