ಒಂದು ಸಂಖ್ಯೆ, ತೊಂಬತ್ತೆರಡು ವರ್ಷ

429 ಕೋಟಿ 49 ಲಕ್ಷ 67 ಸಾವಿರದ 297. ಅಂಕಿಗಳಲ್ಲಿ 4294967297. ನೋಡಲು ಯಾವ ವಿಶೇಷವೂ ಕಾಣದ ಈ ಸಂಖ್ಯೆ ಒಬ್ಬ ದೊಡ್ಡ ಗಣಿತಜ್ಞನ ಮಾತನ್ನು ಸುಳ್ಳು ಮಾಡಿತು. ಕಿರುತೆರೆಯ ಮೇಲೆ ಲೆಕ್ಕಗಳು ಸರಸರನೆ ಸರಿದುಹೋಗುತ್ತವೆ. ಇಲ್ಲಿ ನೀವು ಪೆನ್ಸಿಲ್ ಹಿಡಿದು ನಿಧಾನವಾಗಿ ನೋಡಬಹುದು.

ಚದುರಂಗದ ಹಲಗೆಯ ಕತೆ ನಿಮಗೆ ಗೊತ್ತಿರಬೇಕು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋದರೆ 33ನೆಯ ಮನೆಗೆ 2ರ 32ನೆಯ ಘಾತದಷ್ಟು, ಎಂದರೆ 2³² ಕಾಳುಗಳು ಬೇಕು. ಅದಕ್ಕೆ ಒಂದು ಸೇರಿಸಿದರೆ ನಮ್ಮ ಸಂಖ್ಯೆ.

ಫ್ರಾನ್ಸಿನ ಫರ್ಮಾ ವೃತ್ತಿಯಿಂದ ನ್ಯಾಯಾಲಯದವನು, ಹವ್ಯಾಸದಿಂದ ಗಣಿತಜ್ಞ. 3, 5, 17, 257, 65537 ಎಂಬ ಸಾಲು ಅವನ ಗಮನ ಸೆಳೆಯಿತು. ಇಲ್ಲಿ ಹಿಂದಿನವುಗಳನ್ನೆಲ್ಲ ಗುಣಿಸಿ 2 ಕೂಡಿಸಿದರೆ ಮುಂದಿನದು ಸಿಗುತ್ತದೆ: 3 × 5 + 2 = 17, 3 × 5 × 17 + 2 = 257. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಆರನೆಯದೇ 4294967297. ಸಾಲಿನಲ್ಲಿ ಬರುವುದೆಲ್ಲವೂ ಅವಿಭಾಜ್ಯವೆಂದು ತಾನು ನಂಬಿರುವುದಾಗಿ 1640ರಲ್ಲಿ ಅವನು ಪತ್ರ ಬರೆದ. ಸಾಧನೆ ತನ್ನ ಬಳಿ ಇಲ್ಲವೆಂದೂ ಒಪ್ಪಿಕೊಂಡ.

1732ರಲ್ಲಿ ಆಯ್ಲರ್ ಉತ್ತರ ಕೊಟ್ಟ: 4294967297 = 641 × 6700417. ಚಿಕ್ಕ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಬಂದರೆ 641 ಸಿಗುವುದು 116ನೆಯ ಪ್ರಯತ್ನಕ್ಕೆ. ಆದರೆ ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಭಾಜಕವನ್ನು 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕೆಂದು ಆಯ್ಲರ್ ಸಾಧಿಸಿದ. ಹಾಗಾದರೆ ಪರೀಕ್ಷಿಸಬೇಕಾದವು 193, 257, 449, 577, ಆಮೇಲೆ 641. ಐದೇ ಭಾಗಾಕಾರ! ಉಳಿದ 6700417 ಕೂಡ ಅವಿಭಾಜ್ಯವೇ. 64ರಿಂದ ಭಾಗಿಸಿ ನೋಡಿ.

ಭಾಗಾಕಾರವನ್ನೇ ಮಾಡದೆ ಇದನ್ನು ಕಾಣುವ ದಾರಿಯೂ ಒಂದಿದೆ. ನನಗೆ ಹೆಚ್ಚು ಇಷ್ಟವಾದದ್ದು ಅದೇ. 641ನ್ನು ಎರಡು ಬಗೆಯಲ್ಲಿ ಬರೆಯಿರಿ: 640 + 1 ಮತ್ತು 625 + 16. 640 × 640 − 1 ಎಂಬುದು 641 × 639. ಆದ್ದರಿಂದ 640⁴ − 1 ಕೂಡ 641ರಿಂದ ಭಾಗವಾಗುತ್ತದೆ. 640 ಎಂದರೆ 5 × 2⁷. ಹಾಗಾಗಿ 640⁴ ಎಂದರೆ 625 × 2²⁸. ಇನ್ನು ಎರಡನೆಯ ಬಗೆ. 625 + 16ನ್ನು 2²⁸ರಿಂದ ಗುಣಿಸಿದರೆ 625 × 2²⁸ + 2³². ಇದೂ 641ರಿಂದ ಭಾಗವಾಗುವಂಥದೇ. ಇದರಿಂದ ಮೊದಲನೆಯದನ್ನು ಕಳೆಯಿರಿ. 625 × 2²⁸ ಎರಡೂ ಕಡೆ ಹೊಡೆದುಹೋಗಿ ಉಳಿಯುವುದು 2³² + 1. ಅದೇ ನಮ್ಮ ಸಂಖ್ಯೆ!

ಫರ್ಮಾನ ಊಹೆ ಬಿದ್ದರೂ ಅವನ ಸಾಲು ಬೆಲೆ ಕಳೆದುಕೊಳ್ಳಲಿಲ್ಲ. 1796ರಲ್ಲಿ, ಇನ್ನೂ 19 ತುಂಬದ ಗೌಸ್, ಕೈವಾರ ಮತ್ತು ಗುರುತಿಲ್ಲದ ಪಟ್ಟಿಯಿಂದ 17 ಭುಜಗಳ ಸಮಬಹುಭುಜವನ್ನು ರಚಿಸಬಹುದೆಂದು ತೋರಿಸಿದ. ಭುಜಗಳ ಸಂಖ್ಯೆ 2ಕ್ಕಿಂತ ದೊಡ್ಡ ಅವಿಭಾಜ್ಯವಾಗಿದ್ದರೆ, ಅದು ಫರ್ಮಾನ ಸಾಲಿನಲ್ಲಿದ್ದಾಗ ಮಾತ್ರ ಇಂಥ ರಚನೆ ಸಾಧ್ಯ. ಆ ಸಾಲಿನಲ್ಲಿ ಆರನೆಯದರಿಂದ 33ನೆಯದರವರೆಗಿನ ಯಾವುದೂ ಅವಿಭಾಜ್ಯವಲ್ಲವೆಂದು ಈಗ ಗೊತ್ತಾಗಿದೆ. ಮೊದಲಿನ ಐದನ್ನು ಬಿಟ್ಟು ಇನ್ನೊಂದು ಅವಿಭಾಜ್ಯ ಅಲ್ಲಿ ಎಲ್ಲಾದರೂ ಇದೆಯೆ? ಇದೆಯೆಂದಾಗಲಿ ಇಲ್ಲವೆಂದಾಗಲಿ ಇದುವರೆಗೆ ಯಾರೂ ಸಾಧಿಸಿಲ್ಲ.